ಬಿಲ್ಲು ಕೊಟ್ಟವನು ತಂದೆ

ನೀಲಗಿರಿಯ ತೋಡರಲ್ಲಿ, ಹೆಣ್ಣುಮಗಳು ಗರ್ಭಿಣಿಯಾಗಿ ಏಳನೆಯ ತಿಂಗಳ ಸುಮಾರಿಗೆ, ಕಾಡಿನ ಮರವೊಂದರ ಕಾಂಡದಲ್ಲಿ ಪುಟ್ಟ ಗೂಡನ್ನು ಕೊರೆದು, ಆ ಗೂಡಿನಲ್ಲಿ ದೀಪವನ್ನಿಟ್ಟು, ದೀಪದ ಎದುರಿಗೆ ಗಂಡನಾದವನು ಕಡ್ಡಿಯಿಂದ ಮಾಡಿದ ಬಿಲ್ಲನ್ನೂ ಹುಲ್ಲೆಳೆಯ ಬಾಣವನ್ನೂ ಹೆಂಡತಿಯ ಕೈಗೆ ಒಪ್ಪಿಸುವ ವಿಧಿಯೊಂದುಂಟು. ಹಿಂದಿನ ಕಾಲದಲ್ಲಿ ಅಣ್ಣತಮ್ಮಂದಿರೆಲ್ಲರಿಗೂ ಒಬ್ಬಳೇ ಹೆಂಡತಿಯಾಗಿರುವುದು ಅವರಲ್ಲಿ ವಾಡಿಕೆಯಾಗಿದ್ದುದರಿಂದ, ಹುಟ್ಟುವ ಮಗುವಿನ ತಂದೆ ಯಾರೆಂಬ ಪ್ರಶ್ನೆಗೆ ಈ ವಿಧಿಯೇ ಉತ್ತರವಾಗಿದ್ದಿತು: ಬಿಲ್ಲು ಕೊಟ್ಟವನು ತಂದೆ. ಆ ಮಗುವಿಗೆ ಮಾತ್ರವಲ್ಲ, ಮತ್ತೊಬ್ಬನು ಬಿಲ್ಲು ಕೊಡುವವರೆಗೆ ಹುಟ್ಟುವ ಎಲ್ಲ ಮಕ್ಕಳಿಗೂ ಅವನೇ ತಂದೆ. ನಡುವೆ ಅವನು ಸತ್ತಿದ್ದರೂ, ಬೇರೆ ಯಾರೂ ಬಿಲ್ಲು ಕೊಡದಿದ್ದರೆ, ಸತ್ತು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದ ಕೂಸಿಗೂ ಅವನೇ. ನಮ್ಮಂಥವರಿಗೆ ಇದು ವಿಚಿತ್ರವಾಗಿ ತೋರೀತು. ತೋಡರಿಗಾದರೋ ಇದರಲ್ಲಿ ಸಂದಿಗ್ಧವೇನೂ ಇರಲಿಲ್ಲ. ಪಿತೃತ್ವವು ಕಂಡುಹಿಡಿಯಬೇಕಾದ ವಸ್ತುವಲ್ಲ, ದೀಪದ ಮುಂದೆ ನಿಂತು ಮಾಡಬೇಕಾದ ವಸ್ತು.

ಈ ವಿಧಿಯನ್ನು ಕೂಲಂಕಷವಾಗಿ ಕೇಳಿ ಬರೆದಿಟ್ಟುಕೊಂಡವನು ಕೇಂಬ್ರಿಜ್ಜಿನಿಂದ 1901–02ರಲ್ಲಿ ಉದಕಮಂಡಲಕ್ಕೆ ಬಂದು ಕೆಲವು ತಿಂಗಳು ನಿಂತ ವೈದ್ಯ, ಡಬ್ಲ್ಯು. ಎಚ್. ಆರ್. ರಿವರ್ಸ್. ಜ್ಞಾನವೆಂಬುದು ಹೊರಗಿನ ಜಗತ್ತು ಮನಸ್ಸಿನ ಮೇಲೆ ಒತ್ತಿದ ಮುದ್ರೆಯಲ್ಲ, ಅರಿಯುವವನು ತನ್ನ ಸಾಧನಗಳಿಂದ ಕಟ್ಟಿಕೊಳ್ಳುವ ರಚನೆ ಎಂದು ಸಾರುವ ಆಮೂಲ ರಚನಾವಾದಕ್ಕೂ, ಅದರ ಒಡಹುಟ್ಟಿನಂತಿರುವ ಸೈಬರ್ನೆಟಿಕ್ಸ್ ಎಂಬ ನಿಯಂತ್ರಣಶಾಸ್ತ್ರಕ್ಕೂ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ನೇಪಲ್ಸ್, ವಿಯೆನ್ನಾ, ಜಿನೀವಾ, ಬಾಸ್ಟನ್ ಎಂಬ ಊರುಗಳನ್ನು ಹೆಸರಿಸುತ್ತಾರೆ. ಹೆಸರಿಸುವುದು ನ್ಯಾಯವೇ. ಆದರೆ ಆ ಪ್ರವಾಹಕ್ಕೆ ಬಂದು ಕೂಡಿಕೊಂಡ ಉಪನದಿಯೊಂದು ನಮ್ಮ ಗಡಿಯಾಚೆಯ ಈ ಬೆಟ್ಟದ ಹುಲ್ಲುಗಾವಲನ್ನು ಹಾದುಬಂದಿತೆಂಬುದನ್ನು ಯಾರೂ ಅಷ್ಟಾಗಿ ಎತ್ತಿ ಹೇಳಿಲ್ಲವಾದ್ದರಿಂದ ಇಲ್ಲಿ ಆ ಕಥೆಯನ್ನು ಹೇಳಲು ಹೊರಟಿದ್ದೇನೆ.

ನೀಲಗಿರಿಯು ಕನ್ನಡಿಗರಿಗೆ ಹೊಸ ನಾಡಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿದನೆಂದು ಚಾಮರಾಜನಗರದ 1117ರ ಶಾಸನವು ಹೇಳುತ್ತದೆ. ಲಿಖಿತವಾದ ಇತಿಹಾಸದಲ್ಲಿ ಆ ಜನದ ಹೆಸರು ಮೊದಲಿಗೆ ಕಾಣಿಸುವುದು ಅಲ್ಲಿಯೇ, ಅದೂ ಕನ್ನಡದ ನೆರಳಿನಲ್ಲಿ. ಬಡಗಣಿಂದ ಬಂದವರಾದ್ದರಿಂದ ಬಡಗರೆನಿಸಿಕೊಂಡವರ ನುಡಿಯು ನಮ್ಮ ನುಡಿಯ ಹತ್ತಿರದ ಬಂಧು. ತೋಡರ ಊರನ್ನು ಮಂದು ಎನ್ನುತ್ತಾರೆ. ಎಮ್ಮೆಯ ಸುತ್ತಲೇ ಬಾಳನ್ನು ಹೆಣೆದುಕೊಂಡವರ ಊರಿನ ಆ ಹೆಸರನ್ನು ಕೇಳಿದ ಕನ್ನಡಿಗನಿಗೆ ಮಂದೆಯ ನೆನಪಾಗದಿರದು. ರಿವರ್ಸನು ಬಂದಾಗ ರೈಲು ಕೂನೂರಿನವರೆಗೆ ಮಾತ್ರ ಇದ್ದಿತು. ತೋಡರ ಸಂಖ್ಯೆ ಸುಮಾರು 800. ಉದಕಮಂಡಲವು ಮದರಾಸಿನ ಗವರ್ನರನ ಬೇಸಗೆಯ ರಾಜಧಾನಿ. ಈ ಗವರ್ನರ್ ಎಂಬ ಮಾತನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇರೊಂದು ವೇಷದಲ್ಲಿ ಬರಲಿದೆ.

ರಿವರ್ಸನು 1864ರಲ್ಲಿ ಕೆಂಟ್ ಪ್ರಾಂತದಲ್ಲಿ ಹುಟ್ಟಿದವನು, ಉಗ್ಗುವ ನಾಲಗೆಯವನು, ಕೇಂಬ್ರಿಜ್ಜಿನಲ್ಲಿ ಇಂದ್ರಿಯಗಳ ಶರೀರಶಾಸ್ತ್ರವನ್ನು ಬೋಧಿಸುತ್ತಿದ್ದವನು. ಅವನಿಗೆ ಒಂದು ವಿಲಕ್ಷಣವಾದ ಕೊರತೆಯಿದ್ದಿತು. ಕಂಡದ್ದನ್ನು ಕಣ್ಮುಚ್ಚಿ ಮತ್ತೆ ಚಿತ್ರವಾಗಿ ಕಾಣುವ ಶಕ್ತಿ ಅವನಲ್ಲಿ ಬಹುಮಟ್ಟಿಗೆ ಇರಲಿಲ್ಲ. ಐದು ವರ್ಷದವರೆಗೆ ತಾನು ಬೆಳೆದ ಮನೆಯ ಮಹಡಿ ಹೇಗಿದ್ದಿತೆಂಬುದು ಅವನ ಸ್ಮೃತಿಯಿಂದ ಸಂಪೂರ್ಣವಾಗಿ ಅಳಿಸಿಹೋಗಿದ್ದಿತೆಂದು ಅವನೇ 1920ರ ಗ್ರಂಥದಲ್ಲಿ ಬರೆದುಕೊಂಡಿದ್ದಾನೆ. ನೋಟವೆಂಬುದು ಎಲ್ಲರಿಗೂ ಒಂದೇ ಬಗೆಯದೆಂದು ನಂಬಲು ಇಂತಹವನಿಗೆ ಹೇಗೆ ಸಾಧ್ಯವಾದೀತು? 1898ರಲ್ಲಿ ಹ್ಯಾಡನ್ ಎಂಬ ವಿದ್ವಾಂಸನ ಮುಂದಾಳುತನದಲ್ಲಿ ಏಳು ಮಂದಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದಾಗ ರಿವರ್ಸನೂ ಅವರಲ್ಲೊಬ್ಬನಾಗಿ, ಅಲ್ಲಿಯ ಜನರ ಕಣ್ಣು ಕಿವಿಗಳನ್ನು ಉಪಕರಣಗಳಿಂದ ಪರೀಕ್ಷಿಸಿದನು. ಇಂದ್ರಿಯಶಕ್ತಿಯು ಕುಲಾನುಗತವಾಗಿ ಬರುವುದೋ ಎಂದು ತಿಳಿಯುವ ಸಲುವಾಗಿ ಅವರ ವಂಶಾವಳಿಗಳನ್ನೂ ಬರೆದುಕೊಳ್ಳತೊಡಗಿದನು. ಈ ಎರಡು ಚೀಲಗಳನ್ನು, ಎಂದರೆ ಉಪಕರಣಗಳ ಚೀಲವನ್ನೂ ವಂಶಾವಳಿಯ ಚೀಲವನ್ನೂ, ಹೆಗಲಿಗೇರಿಸಿಕೊಂಡೇ ಅವನು ನೀಲಗಿರಿಯನ್ನು ಹತ್ತಿದ್ದು.

ಮೊದಲು ಉಪಕರಣಗಳ ಮಾತು. ಸಮಾನವಾದ ಎರಡು ಗೆರೆಗಳನ್ನೆಳೆದು, ಒಂದರ ತುದಿಗಳಿಗೆ ಒಳಮುಖವಾಗಿಯೂ ಇನ್ನೊಂದರ ತುದಿಗಳಿಗೆ ಹೊರಮುಖವಾಗಿಯೂ ಬಾಣದ ಗರಿಗಳಂತೆ ಕಡ್ಡಿಗಳನ್ನು ಸೇರಿಸಿದರೆ, ಒಂದು ಗಿಡ್ಡವಾಗಿಯೂ ಇನ್ನೊಂದು ಉದ್ದವಾಗಿಯೂ ಕಾಣುವುದು. ಇದು ಮ್ಯೂಲರ್-ಲೈಯರ್ ಭ್ರಮೆಯೆಂದು ಪ್ರಸಿದ್ಧ. ರಿವರ್ಸನು ಈ ಗೆರೆಗಳಲ್ಲೊಂದನ್ನು ಹಿಂದೆ ಮುಂದೆ ಸರಿಸಬಹುದಾದ ಸಾಧನವನ್ನು ಪರೀಕ್ಷೆಗೆ ಕುಳಿತವರ ಕೈಗೆ ಕೊಟ್ಟು, ಎರಡೂ ಸಮನಾಗಿ ಕಾಣುವವರೆಗೆ ಸರಿಸಿರೆಂದು ಹೇಳಿ ತಪ್ಪನ್ನು ಅಳೆಯುತ್ತಿದ್ದನು. ಫಲಿತಾಂಶವು ವಿಚಿತ್ರವಾಗಿದ್ದಿತು. ಈ ಭ್ರಮೆಗೆ ಟಾರೆಸಿನ ದ್ವೀಪವಾಸಿಗಳಂತೆ ತೋಡರೂ ಇಂಗ್ಲಿಷರಿಗಿಂತ ಕಡಿಮೆಯಾಗಿ ಒಳಗಾದರು. ಆದರೆ ನೆಟ್ಟಗೆ ನಿಲ್ಲಿಸಿದ ಗೆರೆಯು ಅಡ್ಡಗೆರೆಗಿಂತ ಉದ್ದವಾಗಿ ಕಾಣುವ ಮತ್ತೊಂದು ಭ್ರಮೆಗೆ ಅವರು ಇಂಗ್ಲಿಷರಿಗಿಂತ ಹೆಚ್ಚಾಗಿ ಸಿಕ್ಕಿಕೊಂಡರು. ಒಂದು ಜನ ಜಾಣರು, ಇನ್ನೊಂದು ಜನ ದಡ್ಡರು ಎಂಬ ಸುಲಭದ ಲೆಕ್ಕಕ್ಕೆ ಇದು ಬಗ್ಗುವಂತಿಲ್ಲ. ಕಣ್ಣು ಎಲ್ಲರದೂ ಒಂದೇ. ಕಣ್ಣಿನ ಹಿಂದೆ ನಿಂತು ಗೆರೆಯನ್ನು ಗೆರೆಯೆಂದು ಓದುವ ಅಭ್ಯಾಸವು ಬೇರೆ ಬೇರೆ. ತೋಡರ ಇಂದ್ರಿಯಗಳನ್ನು ಕುರಿತ ಈ ಪ್ರಬಂಧವು, ರಿವರ್ಸನೂ ಜೇಮ್ಸ್ ವಾರ್ಡನೂ ಸಂಪಾದಕರಾಗಿ ಹೊಸದಾಗಿ ಆರಂಭಿಸಿದ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯ ಮೊದಲ ಸಂಪುಟದಲ್ಲಿ 1905ರಲ್ಲಿ ಅಚ್ಚಾಯಿತು. ಕಾಡುಜನರ ಚಿತ್ತವು ಇಂದ್ರಿಯಗಳ ವಿವರಗಳಲ್ಲಿಯೇ ವ್ಯಯವಾಗಿ ಮೇಲಿನ ವಿಚಾರಕ್ಕೆ ಏರದೆಂಬ ಆ ಕಾಲದ ಪೂರ್ವಗ್ರಹದಿಂದ ಅವನು ಮುಕ್ತನಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವನು ಅಳೆದುಕೊಂಡು ಹೋದ ಅಂಕಿಗಳು ಅವನಿಗಿಂತ ವಿವೇಕಿಗಳಾಗಿದ್ದವು.

ಇನ್ನು ವಂಶಾವಳಿ. ರಿವರ್ಸನು ಮನೆ ಮನೆಯ ಸಂಬಂಧಗಳನ್ನು ಕೇಳುತ್ತ ಹೋಗಿ ಎಪ್ಪತ್ತೆರಡು ಪಟ್ಟಿಗಳಲ್ಲಿ ಬಹುಮಟ್ಟಿಗೆ ಇಡಿಯ ಜನಾಂಗವನ್ನೇ ಬರೆದುಕೊಂಡನು. ಈ ಕೆಲಸಕ್ಕೆ ಎದುರಾದ ದೊಡ್ಡ ಅಡಚಣೆಯೆಂದರೆ, ಸತ್ತ ಬಂಧುಗಳ ಹೆಸರನ್ನು ತೋಡರು ಬಾಯಲ್ಲಿ ಆಡುತ್ತಿರಲಿಲ್ಲ. ಆದ್ದರಿಂದ ಒಂದು ಮನೆತನದ ಹಿರಿಯರ ಹೆಸರನ್ನು ಬೇರೊಂದು ಮನೆತನದವರಿಂದ ಕೇಳಿ ತಿಳಿಯಬೇಕಾಯಿತು. ತಂದೆಯೆಂಬ ಮಾತನ್ನು ಬರೆದಲ್ಲೆಲ್ಲ ಬಿಲ್ಲಿನ ವಿಧಿಯು ಅಡ್ಡಬಂದಿತು. ಇಂಗ್ಲಿಷಿನ ಆ ಪದವು ರಕ್ತವನ್ನು ಹೇಳಿದರೆ, ತೋಡರ ಪದವು ವಿಧಿಯನ್ನು ಹೇಳುತ್ತಿದ್ದಿತು. ಬಂಧುತ್ವವೆಂದರೆ ಪ್ರಕೃತಿಯು ಬರೆದ ಪಟ್ಟಿಯಲ್ಲ, ಒಂದು ಸಮಾಜವು ತಾನೇ ನಿಯಮಿಸಿಕೊಂಡ ವ್ಯವಸ್ಥೆ ಎಂಬ ಅರಿವು ರಿವರ್ಸನ ಮುಂದಿನ ಬರವಣಿಗೆಯಲ್ಲಿ ಗಟ್ಟಿಯಾಗುತ್ತ ಹೋದುದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬೇಕು.

ಆದರೆ ಈ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಮತ್ತೊಂದು ಘಟನೆಯ ಬಳಿ. ತೋಡರ ಹಾಲುಮನೆಯು ದೇವಾಲಯವೇ ಸರಿ. ಅಲ್ಲಿ ಹಾಲು ಕರೆದು ಮೊಸರು ಕಡೆಯುವವನು ಪೂಜಾರಿ. ಅವನ ಮಂತ್ರಗಳೂ ಕ್ರಮಗಳೂ ಪರರಿಗೆ ಹೇಳತಕ್ಕವಲ್ಲ. ರಿವರ್ಸನು ಕೇಳಿದನು, ಕೆಲವರು ಹೇಳಿದರು. ಹೇಳಿದವರಿಗೆ ಕೇಡು ಒದಗಿತು: ಗುಟ್ಟಿನ ವಿಧಿಯೊಂದನ್ನು ತೋರಿಸಿಕೊಟ್ಟವನ ಹೆಂಡತಿ ಕೆಲವೇ ದಿನಗಳಲ್ಲಿ ತೀರಿಕೊಂಡಳು. ದೇವರುಗಳ ಗುಟ್ಟನ್ನು ಅನ್ಯನಿಗೆ ಬಿಟ್ಟುಕೊಟ್ಟುದರ ಫಲವಿದು ಎಂದು ಕಣಿಹೇಳುವವರು ನಿರ್ಣಯಿಸಿದರು. ಅಲ್ಲಿಂದ ಮುಂದೆ ಬಾಯಿಗಳು ಮುಚ್ಚಿಕೊಂಡವು. ರಿವರ್ಸನು ಇದನ್ನು ಮರೆಮಾಡದೆ 1906ರಲ್ಲಿ ಪ್ರಕಟವಾದ ‘ದಿ ತೋಡಾಸ್’ ಎಂಬ ತನ್ನ ಮಹಾಗ್ರಂಥದ ಪೀಠಿಕೆಯಲ್ಲಿಯೇ ಬರೆದನು. ಕಣಿಯವರ ಕಾರ್ಯಕಾರಣವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಒಂದು ಮಾತನ್ನು ಅವರು ಕೇಂಬ್ರಿಜ್ಜಿಗಿಂತ ಮೊದಲೇ ಕಂಡಿದ್ದರು: ನೋಡಲು ಬಂದವನು ನೋಡಲ್ಪಡುವುದರ ಹೊರಗೆ ನಿಂತಿಲ್ಲ, ಅವನ ಪ್ರಶ್ನೆಯೇ ಊರೊಳಗೆ ನಡೆದ ಒಂದು ಘಟನೆ.

ಸಾಧನವು ತೋರಿಸುವಷ್ಟನ್ನೇ ಮರೆಯಿಸುವುದೂ ಉಂಟು. ಎಪ್ಪತ್ತೆರಡು ಪಟ್ಟಿಗಳನ್ನು ಬರೆದ ರಿವರ್ಸನಿಗೆ ತಂದೆಯ ಕಡೆಯ ಕುಲಗಳೆಲ್ಲ ಸ್ಪಷ್ಟವಾಗಿ ಕಂಡವು. ತಾಯಿಯ ಕಡೆಯಿಂದ ಬರುವ, ಮದುವೆಗೆ ಅಡ್ಡಿಯಾಗುವ ಇನ್ನೊಂದು ಬಗೆಯ ಬಳಿಗಳು ಅವೇ ಹೆಸರುಗಳ ನಡುವೆ ಇದ್ದರೂ ಕಾಣಲಿಲ್ಲ. ಅವನ್ನು ಕಂಡವನು, 1935ರಿಂದ 38ರವರೆಗೆ ಈ ದೇಶದಲ್ಲಿದ್ದು ತೋಡ, ಕೋತ, ಕೊಡವ ನುಡಿಗಳನ್ನು ಕಲಿತ ಭಾಷಾವಿಜ್ಞಾನಿ ಎಮೆನೊ. ಅವನು ಪಟ್ಟಿಯಿಂದ ಹೊರಡದೆ ಮಾತಿನಿಂದ ಹೊರಟನು. ಮಾತು ಅವನನ್ನು ಬೇರೆ ಬಾಗಿಲಿಗೆ ಕರೆದೊಯ್ಯಿತು.

ಇಷ್ಟನ್ನು ಓದಿದ ಸಂಪ್ರದಾಯಸ್ಥ ಓದುಗರು, ಇದೆಲ್ಲ ನಮ್ಮ ದೃಷ್ಟಿಸೃಷ್ಟಿವಾದದಲ್ಲಿ ಆಗಲೇ ಇದೆಯಲ್ಲ ಎಂದು ನಸುನಕ್ಕಾರು. ಆ ಆತುರವು ಬೇಡ. ದೃಷ್ಟಿಯೇ ಸೃಷ್ಟಿಯೆಂದ ವೇದಾಂತಿಯು ಪ್ರಪಂಚದ ಸತ್ತೆಯನ್ನೇ ವಿಚಾರಕ್ಕೆ ಎಳೆದವನು. ಗೆರೆಯನ್ನು ಸರಿಸಿ ತಪ್ಪನ್ನಳೆದ ವೈದ್ಯನಿಗೆ ಅಷ್ಟು ದೊಡ್ಡ ಹಂಬಲವಿರಲಿಲ್ಲ. ಒಬ್ಬನು ಮೋಕ್ಷಕ್ಕೆ ಹೊರಟವನು, ಇನ್ನೊಬ್ಬನು ಅಳತೆಗೆ ಹೊರಟವನು. ದಾರಿಯಲ್ಲಿ ಒಂದು ಮರದ ಕೆಳಗೆ ಇಬ್ಬರೂ ಕುಳಿತರೆಂಬ ಮಾತ್ರಕ್ಕೆ ಊರು ಒಂದೇ ಆಗುವುದಿಲ್ಲ.

ಮುಕುರ್ತಿಯ ಶಿಖರದ ಬಳಿ ಹುಟ್ಟುವ ಹಳ್ಳವು ಪೈಕಾರವೆಂದು ಹರಿದು, ಬೆಟ್ಟವಿಳಿದು ಮಸಿನಗುಡಿಯ ಕಡೆಗೆ ಬರುವಷ್ಟರಲ್ಲಿ ಮೋಯಾರೆನಿಸಿಕೊಂಡು, ಮುಂದೆ ಭವಾನಿಯನ್ನು ಕೂಡಿ ಕಡೆಗೆ ಕಾವೇರಿಯಾಗುತ್ತದೆ. ಬಯಲಿನಲ್ಲಿ ನೀರು ಕುಡಿಯುವವನಿಗೆ ಮುಕುರ್ತಿಯ ನೆನಪಿರುವುದಿಲ್ಲ. ರಿವರ್ಸನ ವಿಚಾರಗಳಿಗೂ ಹೀಗೆಯೇ ಆಯಿತು. (ಅವನ ಹೆಸರಿಗೇ ನದಿಗಳೆಂಬ ಅರ್ಥವಿರುವುದು ನನ್ನ ತಪ್ಪಲ್ಲ.) ನೀಲಗಿರಿಯಿಂದ ಮರಳಿದ ಮೇಲೆ, 1903ರ ಏಪ್ರಿಲಿನಲ್ಲಿ ಅವನ ಗೆಳೆಯ ಹೆನ್ರಿ ಹೆಡ್ ಎಂಬ ವೈದ್ಯನು ತನ್ನ ಎಡಗೈಯ ನರವನ್ನು ತಾನಾಗಿ ಕೊಯ್ಯಿಸಿಕೊಂಡು, ಸ್ಪರ್ಶಜ್ಞಾನವು ಹೇಗೆ ಮರಳಿ ಬರುವುದೆಂಬುದನ್ನು ವರ್ಷಗಟ್ಟಲೆ ರಿವರ್ಸನಿಂದ ಪರೀಕ್ಷೆ ಮಾಡಿಸಿಕೊಂಡನು. ಇದೇ ಹೆಡ್ಡನು 1911ರಲ್ಲಿ ಹೋಮ್ಸ್ ಎಂಬವನೊಡನೆ ಬರೆದ ಪ್ರಬಂಧದಲ್ಲಿ, ದೇಹದ ಭಂಗಿಯನ್ನು ಕುರಿತು ಮಿದುಳು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವ ಒಂದು ಪ್ರತಿರೂಪವಿದೆಯೆಂದು ಹೇಳಿ, ಅದಕ್ಕೆ ‘ಸ್ಕೀಮಾ’ ಎಂದು ಹೆಸರಿಟ್ಟನು.

ಆ ಮಾತನ್ನು ಎತ್ತಿಕೊಂಡವನು ಫ್ರೆಡರಿಕ್ ಬಾರ್ಟ್ಲೆಟ್. ಮಾನವಶಾಸ್ತ್ರವನ್ನು ಕಲಿಯಬೇಕೆಂದು ರಿವರ್ಸನ ಹೆಸರು ಕೇಳಿ ಸೇಂಟ್ ಜಾನ್ಸ್ ಕಾಲೇಜಿಗೆ ಬಂದ ಈ ತರುಣನಿಗೆ, ಮೊದಲು ಮನಶ್ಶಾಸ್ತ್ರದ ಪ್ರಯೋಗಕ್ರಮವನ್ನು ಕಲಿ ಎಂದು ಬುದ್ಧಿ ಹೇಳಿದವನು ರಿವರ್ಸನೇ. ಆಚಾರವು ಜನದಿಂದ ಜನಕ್ಕೆ ಹೋಗುವಾಗ ರೂಪ ಬದಲಿಸುವುದೆಂದು ಗುರುಗಳು ದ್ವೀಪದ್ವೀಪಗಳಲ್ಲಿ ಕಂಡುದನ್ನು ಶಿಷ್ಯನು ಕೊಠಡಿಯೊಳಗೆ ನೋಡಬಯಸಿದನು. ದಾರಿ ತೋಚದೆ ಇದ್ದಾಗ, ಆಗ ಕೇಂಬ್ರಿಜ್ಜಿಗೆ ರಸೆಲ್ಲನಲ್ಲಿ ತರ್ಕವನ್ನು ಓದಲು ಬಂದಿದ್ದ ಇಪ್ಪತ್ತು ತುಂಬದ ಅಮೆರಿಕದ ಹುಡುಗನೊಬ್ಬನು, ಕಿವಿಯಿಂದ ಕಿವಿಗೆ ಸುದ್ದಿ ಪಿಸುಗುಟ್ಟುತ್ತ ಹೋಗುವ ಮಕ್ಕಳ ಆಟವನ್ನೇ ಪ್ರಯೋಗವಾಗಿ ಮಾಡಬಾರದೇಕೆ ಎಂದನಂತೆ. ಬಾರ್ಟ್ಲೆಟ್ಟನು ಹಾಗೆಯೇ ಮಾಡಿದನು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ, ಒಬ್ಬನು ನೆನೆದು ಬರೆದುದನ್ನು ಮತ್ತೊಬ್ಬನಿಗೆ ಕೊಟ್ಟು, ಕಥೆಯು ಕೈಯಿಂದ ಕೈಗೆ ಹೋದಂತೆಲ್ಲ ಇಂಗ್ಲಿಷರ ಮನೆಯ ಕಥೆಯಾಗುತ್ತ ಬರುವುದನ್ನು ತೋರಿಸಿದನು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಮನೆ ಎಂದು 1932ರ ‘ರಿಮೆಂಬರಿಂಗ್’ ಎಂಬ ಗ್ರಂಥದಲ್ಲಿ ಪ್ರತಿಪಾದಿಸಿದನು. ಉಪಾಯ ಹೇಳಿಕೊಟ್ಟ ಹುಡುಗನ ಹೆಸರು ನಾರ್ಬರ್ಟ್ ವೀನರ್.

ಬಾರ್ಟ್ಲೆಟ್ಟನ ಶಿಷ್ಯರಲ್ಲಿ ಅತ್ಯಂತ ಪ್ರತಿಭಾಶಾಲಿ ಸ್ಕಾಟ್ಲೆಂಡಿನ ಕೆನೆತ್ ಕ್ರೇಕ್. ಸಮುದ್ರದ ಉಬ್ಬರವನ್ನು ಮುಂಚಿತವಾಗಿ ಲೆಕ್ಕಹಾಕಲು ಕೆಲ್ವಿನ್ ಕಟ್ಟಿದ ಯಂತ್ರದಂತೆ, ಮನಸ್ಸೂ ಹೊರಗಿನ ಜಗತ್ತಿನ ಸಣ್ಣದೊಂದು ಮಾದರಿಯನ್ನು ತನ್ನೊಳಗೆ ನಡೆಸುತ್ತಿದ್ದು, ಏನನ್ನಾದರೂ ಮಾಡುವ ಮುನ್ನ ಆ ಮಾದರಿಯಲ್ಲಿ ಮಾಡಿನೋಡುವುದೆಂದು ಅವನು 1943ರಲ್ಲಿ ಒಂದು ಚಿಕ್ಕ ಪುಸ್ತಕದಲ್ಲಿ ಬರೆದನು. ಯುದ್ಧಕಾಲದಲ್ಲಿ, ಗುರಿಯನ್ನು ಹಿಂಬಾಲಿಸಿ ಯಂತ್ರವನ್ನು ತಿರುಗಿಸುವ ಮನುಷ್ಯನು ತನ್ನ ತಪ್ಪನ್ನು ಕಂಡು ಕಂಡು ಹೇಗೆ ತಿದ್ದಿಕೊಳ್ಳುವನೆಂಬುದನ್ನು ಪರೀಕ್ಷಿಸುತ್ತಿದ್ದನು. 1945ರ ಮೇ 7ರಂದು, ಯುರೋಪಿನ ಯುದ್ಧ ಮುಗಿಯಿತೆಂದು ಡಂಗುರವಾಗುವುದಕ್ಕೆ ಹಿಂದಿನ ದಿನ, ಕೇಂಬ್ರಿಜ್ಜಿನ ಬೀದಿಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಪಘಾತವಾಗಿ ಮಡಿದನು. ಆಗ ಅವನಿಗೆ ಮೂವತ್ತೊಂದು ವರ್ಷ. ಅವನ ಕೊನೆಯ ಪ್ರಬಂಧಗಳು 1947–48ರಲ್ಲಿ ಅಚ್ಚಾದುದು, ತೋಡರ ಇಂದ್ರಿಯಗಳ ಪ್ರಬಂಧವನ್ನು ಅಚ್ಚುಹಾಕಿದ್ದ ಅದೇ ಪತ್ರಿಕೆಯಲ್ಲಿ. 1949ರಲ್ಲಿ ಲಂಡನ್ನಿನಲ್ಲಿ ಆಶ್ಬಿ, ಗ್ರೇ ವಾಲ್ಟರ್ ಮೊದಲಾದ ನಿಯಂತ್ರಣಶಾಸ್ತ್ರಜ್ಞರು ಕೂಡಿದ ರೇಷಿಯೋ ಕ್ಲಬ್ಬೆಂಬ ಗೋಷ್ಠಿಯಲ್ಲಿ ಅವನಿಲ್ಲದ ಕೊರಗು ಎಲ್ಲರಿಗೂ ಇದ್ದಿತು.

ಅತ್ತ ವೀನರನು ಬಾಸ್ಟನ್ನಿನ ಬಳಿ ವಿಮಾನಗಳನ್ನು ಹೊಡೆಯುವ ಫಿರಂಗಿಯ ಗಣಿತದಲ್ಲಿ ತೊಡಗಿದ್ದನು. ಕಾರ್ಯದ ಫಲವೇ ಮರಳಿ ಬಂದು ಕಾರ್ಯವನ್ನು ತಿದ್ದುವ ಕ್ರಮವು ಯಂತ್ರಕ್ಕೂ ಪ್ರಾಣಿಗೂ ಸಮಾನವೆಂದು ಕಂಡು, 1948ರಲ್ಲಿ ಹೊಸ ಶಾಸ್ತ್ರಕ್ಕೆ ಹೆಸರಿಡುವಾಗ ಅವನು ಹಡಗಿನ ಚುಕ್ಕಾಣಿಗನನ್ನು ಹೇಳುವ ಗ್ರೀಕ್ ಪದವನ್ನು ಆರಿಸಿದನು. ಆ ಪದವೇ ಲ್ಯಾಟಿನ್ನಿನಲ್ಲಿ ತಿರುಚಿಕೊಂಡು ಗವರ್ನರ್ ಎಂದಾಗಿದೆ. ಉಗಿಯಂತ್ರದ ವೇಗವನ್ನು ಹಿಡಿತದಲ್ಲಿಡುವ ತಿರುಗುಗುಂಡುಗಳಿಗೂ ಅದೇ ಹೆಸರು, ಉದಕಮಂಡಲದಲ್ಲಿ ಬೇಸಗೆ ಕಳೆಯುತ್ತಿದ್ದ ದೊರೆಗೂ ಅದೇ ಹೆಸರು. ಬಾರ್ಟ್ಲೆಟ್ಟನ ಗ್ರಂಥ ಹೊರಟ 1932ರಲ್ಲಿಯೇ ಪೈಕಾರದ ವಿದ್ಯುದಾಗಾರವೂ ಕೆಲಸಕ್ಕೆ ತೊಡಗಿತು. ಅಲ್ಲಿಯ ಚಕ್ರಗಳ ವೇಗವನ್ನು ಕಾಯ್ದ ಗವರ್ನರುಗಳು ಬೆಟ್ಟದ ಮೇಲಿನ ಗವರ್ನರನಿಗಿಂತ ಚೆನ್ನಾಗಿ ತಮ್ಮ ತಪ್ಪನ್ನು ತಿದ್ದಿಕೊಳ್ಳುತ್ತಿದ್ದವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಕವಲೂ ಉಂಟು. ರಿವರ್ಸನನ್ನು ದ್ವೀಪಗಳಿಗೆ ಕರೆದೊಯ್ದ ಹ್ಯಾಡನ್ನನೇ ಮುಂದೆ ಗ್ರೆಗರಿ ಬೇಟ್ಸನ್ನನಿಗೂ ಗುರುವಾದನು. ನ್ಯೂಗಿನಿಯ ಒಂದು ಆಚರಣೆಯನ್ನು ಕುರಿತು 1936ರಲ್ಲಿ ಬೇಟ್ಸನ್ ಬರೆದ ‘ನಾವೆನ್’ ಎಂಬ ಪುಸ್ತಕವು ಅರ್ಧ ಆ ಜನರನ್ನೂ ಅರ್ಧ ಅವರನ್ನು ಬರೆಯುವ ತನ್ನ ಕ್ರಮವನ್ನೂ ಪರೀಕ್ಷಿಸುತ್ತದೆ. 1946ರಿಂದ 1953ರವರೆಗೆ ನಡೆದ ಮೇಸಿ ಸಮ್ಮೇಳನಗಳಲ್ಲಿ ವೀನರನಂತಹ ಗಣಿತಜ್ಞರ ಎದುರಿಗೆ ಮಾನವಶಾಸ್ತ್ರದ ಪರವಾಗಿ ಕುಳಿತವರು ಅವನೂ ಮಾರ್ಗರೆಟ್ ಮೀಡಳೂ. ಆ ಸಮ್ಮೇಳನಗಳ ವರದಿಗಳನ್ನು ಸಂಪಾದಿಸಿದ ವಿಯೆನ್ನಾದ ಹೈಂಜ್ ಫಾನ್ ಫರ್ಸ್ಟರ್ ಮುಂದೆ ಇಲಿನಾಯಿಯ ತನ್ನ ಪ್ರಯೋಗಶಾಲೆಯಲ್ಲಿ, ನೋಡುವವನನ್ನು ಬಿಟ್ಟು ನೋಟವನ್ನು ವಿವರಿಸಲಾಗದೆಂದು ಹಟಹಿಡಿದು, ನಿಯಂತ್ರಣಶಾಸ್ತ್ರಕ್ಕೇ ನಿಯಂತ್ರಣಶಾಸ್ತ್ರವನ್ನು ಬರೆದನು. 1974ರಲ್ಲಿ ಎರ್ನ್‌ಸ್ಟ್ ಫಾನ್ ಗ್ಲಾಸರ್ಸ್‌ಫೆಲ್ಡ್ ಎಂಬವನು ಜಿನೀವಾದ ಮನಶ್ಶಾಸ್ತ್ರಜ್ಞ ಪಿಯಾಜೆಯ ಮಾತುಗಳನ್ನು ವಿವರಿಸುತ್ತ, ಜ್ಞಾನವು ಅರಿಯುವವನು ಕಟ್ಟಿಕೊಳ್ಳುವ ರಚನೆಯೆಂಬ ವಾದಕ್ಕೆ ಆಮೂಲ ರಚನಾವಾದವೆಂದು ಹೆಸರಿಟ್ಟನು. ಮಾಡಿದವನಿಗೆ ಮಾತ್ರ ಮಾಡಿದ್ದು ತಿಳಿಯುವುದೆಂದು 1710ರಲ್ಲಿಯೇ ಹೇಳಿದ ನೇಪಲ್ಸಿನ ವಿಕೋನನ್ನು ಪೂರ್ವಾಚಾರ್ಯನೆಂದು ಕರೆದನು. ಬೀಗಕ್ಕೆ ಬೀಗದ ಕೈ ಹೊಂದಿತೆಂದರೆ ಬಾಗಿಲು ತೆರೆಯಿತೆಂದಷ್ಟೇ ಅರ್ಥ, ಬೀಗದ ಒಳಗು ಹೇಗಿದೆಯೆಂಬುದು ಕೈಯಲ್ಲಿ ಬರೆದಿರುವುದಿಲ್ಲ ಎಂಬುದು ಅವನ ದೃಷ್ಟಾಂತ. ತೋಡರ ಬಿಲ್ಲು ಇಂತಹದೊಂದು ಬೀಗದ ಕೈಯೇ: ಅದರಿಂದ ಆಸ್ತಿ, ಕುಲ, ಉತ್ತರಕ್ರಿಯೆಗಳ ಬಾಗಿಲುಗಳೆಲ್ಲ ತೆರೆದವು.

ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪಿದವನಲ್ಲ. ಎಲ್ಲವೂ ಕಟ್ಟಿದ್ದೇ ಎಂದಾಗ, ಗೋಮಾಳದಲ್ಲಿ ನೀಲಗಿರಿಮರ ನೆಟ್ಟ ಮೇಲೆ ಹುಲ್ಲಿಲ್ಲದೆ ಬಡವಾದ ಎಮ್ಮೆಯನ್ನು ಯಾವ ಕಟ್ಟೋಣವೆನ್ನೋಣ? ಆದರೂ ಅಳೆಯಲು ಹೋದವರ ವಿನಯವನ್ನು ಅದು ಹೆಚ್ಚಿಸಿತೆಂಬುದು ನಿಜ. 1966ರಲ್ಲಿ ಸೀಗಲ್, ಕ್ಯಾಂಬೆಲ್, ಹರ್ಸ್ಕೊವಿಟ್ಸ್ ಎಂಬ ಮೂವರು ರಿವರ್ಸನ ಗೆರೆಗಳನ್ನು ಮತ್ತೆ ಕೈಗೆತ್ತಿಕೊಂಡು ಅನೇಕ ದೇಶಗಳಲ್ಲಿ ಪರೀಕ್ಷಿಸಿ, ಬಡಗಿಯು ಕೊಯ್ದು ಜೋಡಿಸಿದ ಮೂಲೆಗಳ ನಡುವೆ ಬೆಳೆದ ಕಣ್ಣು ಬೇರೆ, ಅಂತಹ ಮೂಲೆಗಳಿಲ್ಲದೆಡೆ ಬೆಳೆದ ಕಣ್ಣು ಬೇರೆ ಎಂಬ ವಿವರಣೆಯನ್ನು ಮುಂದಿಟ್ಟರು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಮಗುಚಿಟ್ಟಂತಿರುವ ತೋಡರ ಮನೆಯನ್ನು ಉದಕಮಂಡಲದ ಸಸ್ಯೋದ್ಯಾನದ ಮೇಲ್ಗಡೆಯ ಮಂದಿನಲ್ಲಿ ಕಂಡವರಿಗೆ ಆ ಮಾತು ಬೇಗ ಅರ್ಥವಾದೀತು.

ರಿವರ್ಸನು 1922ರಲ್ಲಿ ತೀರಿಕೊಂಡನು. ಅವನ ಗ್ರಂಥದ ಕೊನೆಯ ಪಟ್ಟಿಗಳಲ್ಲಿ, ಬಂಧುಗಳ ನಾಲಗೆಯು ಎಂದೂ ಉಚ್ಚರಿಸದ ಸತ್ತವರ ಹೆಸರುಗಳು ಇಂದಿಗೂ ಅಚ್ಚಿನಲ್ಲಿವೆ. ಗ್ರಂಥಾಲಯದಲ್ಲಿ ಆ ಪುಸ್ತಕವು ಕೈಗೆ ಬಂದ ಓದುಗರು ಅವನ್ನು ಮನಸ್ಸಿನಲ್ಲಿಯೇ ಓದಿಕೊಳ್ಳಲಿ. ಮಂದಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದದಿರಲಿ.